ಕೊಂಬು, ಸೋರೆ, ಗಾಜಿನ ಬಟ್ಟಲು: ದೀರ್ಘಕಾಲದ ನೋವಿಗೆ ಒಂದು ಹಳೆಯ ಉಪಚಾರ

ಬೆಂಗಳೂರಿನಿಂದ ದಕ್ಷಿಣಾಭಿಮುಖವಾಗಿ ಬನ್ನೇರುಘಟ್ಟದ ಹಾದಿಯನ್ನು ಹಿಡಿದವರಿಗೆ ಗೊಟ್ಟಿಗೆರೆ ಸಿಕ್ಕುತ್ತದೆ. ಹೆಸರೇ ಸಾರುವಂತೆ ಇದು ಕೆರೆಯನ್ನಾಶ್ರಯಿಸಿ ಬೆಳೆದ ಊರು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆ ರಚಿತವಾದಾಗ ನಗರದ ಎಲ್ಲೆಯೊಳಕ್ಕೆ ಬಂದ ಸುತ್ತಮುತ್ತಣ ಹಳ್ಳಿಗಳಲ್ಲಿ ಇದೂ ಒಂದು. ಹೊಲಗಳಿದ್ದೆಡೆ ಇಂದು ಮಹಡಿ ಮನೆಗಳಿವೆ. ಆ ಮನೆಗಳಲ್ಲಿ ದಿನಕ್ಕೆ ಹತ್ತು ಗಂಟೆ ಕುರ್ಚಿಯ ಮೇಲೆ ಕುಳಿತು ದುಡಿಯುವ ತರುಣರೂ, ಅವರ ಮಕ್ಕಳನ್ನು ನೋಡಿಕೊಳ್ಳಲು ಊರಿನಿಂದ ಬಂದು ನೆಲೆಸಿದ ವೃದ್ಧ ತಂದೆತಾಯಿಗಳೂ ವಾಸವಾಗಿದ್ದಾರೆ. ಇವರಿಬ್ಬರಿಗೂ ಸಮಾನವಾದುದು ಬೆನ್ನುನೋವು. ಆದಕಾರಣ ಹೆದ್ದಾರಿಯ ಇಕ್ಕೆಲಗಳಲ್ಲಿ ಫಿಸಿಯೋಥೆರಪಿಯ, ಎಂದರೆ ಭೌತಚಿಕಿತ್ಸೆಯ, ಫಲಕಗಳು ಹೆಚ್ಚುತ್ತಿರುವುದು ಸಹಜವೇ ಆಗಿದೆ. ಅಂತಹ ಫಲಕಗಳಲ್ಲಿ ಈಚೆಗೆ ಕಾಣುವ ಒಂದು ಪದ ‘ಕಪ್ಪಿಂಗ್’. ಅದರ ಕೆಳಗೆ ಅನೇಕವೇಳೆ ‘ಸಾವಿರಾರು ವರ್ಷಗಳಷ್ಟು ಪುರಾತನವಾದ ಚಿಕಿತ್ಸೆ’ ಎಂಬ ವಿಶೇಷಣವೂ ಇರುತ್ತದೆ.

ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ಇದನ್ನು ಓದಿಬಂದು, ‘ಪುರಾತನವೆಂಬುದು ನಿಜವೇ? ನಿಜವಾದರೆ ಗುಣವಾಗಲೇಬೇಕಲ್ಲವೇ, ಸಾರ್?’ ಎಂದು ಕೇಳಿದನು. ಮೊದಲನೆಯ ಪ್ರಶ್ನೆ ಇತಿಹಾಸಕ್ಕೆ ಸೇರಿದ್ದು. ಎರಡನೆಯದು ವೈದ್ಯಕ್ಕೆ ಸೇರಿದ್ದು. ಒಂದರ ಉತ್ತರವನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದು ಫಲಕ ಬರೆಯಿಸಿದವರಿಗೆ ಅನುಕೂಲವಾಗಿರಬಹುದು, ಆದರೆ ಇತಿಹಾಸದ ಅಧ್ಯಾಪಕನು ಅದನ್ನು ಸುಮ್ಮನೆ ನೋಡುತ್ತ ಇರಲಾಗದು. ಈ ಲೇಖನಕ್ಕೆ ಅದೇ ಪ್ರೇರಣೆ.

ಮೊದಲು ಕ್ರಿಯೆಯ ಸ್ವರೂಪವನ್ನು ತಿಳಿಯೋಣ. ಬಾಯಗಲದ ಒಂದು ಬಟ್ಟಲನ್ನು ಚರ್ಮದ ಮೇಲೆ ಕವುಚಿ, ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ಕಡಮೆ ಮಾಡಿದರೆ, ಚರ್ಮವೂ ಅದರಡಿಯ ಮೆದು ಅಂಗಾಂಶವೂ ಬಟ್ಟಲಿನೊಳಕ್ಕೆ ಉಬ್ಬಿಕೊಳ್ಳುತ್ತವೆ. ಒತ್ತಡವನ್ನು ಇಳಿಸಲು ಮೂರು ದಾರಿಗಳುಂಟು: ಬಾಯಿಂದ ಹೀರುವುದು, ಬೆಂಕಿಯಿಂದ ಕಾಯಿಸುವುದು, ಯಂತ್ರದಿಂದ ಎಳೆಯುವುದು. ಬೆಂಕಿಯ ವಿಧಾನದಲ್ಲಿ ಮದ್ಯಸಾರದಲ್ಲಿ ಅದ್ದಿದ ಹತ್ತಿಯನ್ನು ಹೊತ್ತಿಸಿ ಗಾಜಿನ ಬಟ್ಟಲೊಳಗೆ ಕ್ಷಣಕಾಲ ಆಡಿಸಿ, ಬಟ್ಟಲನ್ನು ಒಡನೆಯೇ ಮೈಮೇಲೆ ಇಡುತ್ತಾರೆ. ಬೆಂಕಿಯು ಗಾಳಿಯನ್ನೆಲ್ಲ ‘ತಿಂದುಬಿಡುವುದರಿಂದ’ ಬಟ್ಟಲು ಹಿಡಿಯುತ್ತದೆಂದು ಜನ ಹೇಳುವುದುಂಟು. ಅದು ಅಷ್ಟು ಸರಿಯಲ್ಲ. ಕಾದ ಗಾಳಿ ಹಿಗ್ಗಿ ಒಂದಷ್ಟು ಹೊರಹೋಗಿರುತ್ತದೆ, ಉಳಿದದ್ದು ತಣಿದಾಗ ಕುಗ್ಗುತ್ತದೆ. ಮುಖ್ಯ ಕಾರಣ ಅದು. ಇಂದಿನ ಭೌತಚಿಕಿತ್ಸಕರು ಬಹುಮಟ್ಟಿಗೆ ಕೈಪಂಪು ಜೋಡಿಸಿದ ಪ್ಲಾಸ್ಟಿಕ್ ಬಟ್ಟಲುಗಳನ್ನೋ, ಅದುಮಿ ಬಿಟ್ಟರೆ ತಾನೇ ಹಿಡಿದುಕೊಳ್ಳುವ ಸಿಲಿಕೋನ್ ಬಟ್ಟಲುಗಳನ್ನೋ ಬಳಸುತ್ತಾರೆ. ಇಟ್ಟಲ್ಲೇ ಐದು ಹತ್ತು ನಿಮಿಷ ಬಿಡುವುದು ಒಂದು ಕ್ರಮ. ಎಣ್ಣೆ ಸವರಿ ಬೆನ್ನುದ್ದಕ್ಕೂ ಜಾರಿಸುವುದು ಇನ್ನೊಂದು. ಚರ್ಮವನ್ನು ಕೊಯ್ಯದೆ ಮಾಡುವುದಕ್ಕೆ ‘ಒಣ’ ವಿಧಾನವೆಂದೂ, ಸಣ್ಣ ಗೀರುಗಳನ್ನು ಮಾಡಿ ರಕ್ತವನ್ನು ಹೀರುವುದಕ್ಕೆ ‘ಹಸಿ’ ವಿಧಾನವೆಂದೂ ಹೆಸರು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿವೇಚನೆಯೆಲ್ಲ ಇದರ ಮೇಲೆ ನಿಂತಿದೆ.

ನಮ್ಮ ದೇಶದ ಶಾಸ್ತ್ರಗ್ರಂಥಗಳಲ್ಲಿ ಇದರ ಉಲ್ಲೇಖ ಸ್ಪಷ್ಟವಾಗಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ 13ನೆಯ ಅಧ್ಯಾಯಕ್ಕೆ ಜಲೌಕಾವಚಾರಣೀಯವೆಂದು ಹೆಸರು. ಹೆಸರಿಗೆ ಅದು ಜಿಗಣೆಯ ಅಧ್ಯಾಯವಾದರೂ ಆರಂಭದಲ್ಲಿಯೇ ಕೊಂಬು, ಜಿಗಣೆ, ಸೋರೆ ಎಂಬ ಮೂರು ಸಾಧನಗಳನ್ನು ಒಟ್ಟಿಗೆ ಹೇಳಿ, ವಾತದಿಂದ ಕೆಟ್ಟ ರಕ್ತಕ್ಕೆ ಕೊಂಬನ್ನೂ ಪಿತ್ತದಿಂದ ಕೆಟ್ಟುದಕ್ಕೆ ಜಿಗಣೆಯನ್ನೂ ಕಫದಿಂದ ಕೆಟ್ಟುದಕ್ಕೆ ಸೋರೆಯನ್ನೂ ವಿಧಿಸುತ್ತದೆ. ಕಾರಣವನ್ನೂ ಕೊಟ್ಟಿದೆ: ಹಸುವಿನ ಕೊಂಬು ಉಷ್ಣ ಹಾಗೂ ಸ್ನಿಗ್ಧವಾದುದರಿಂದ ವಾತಕ್ಕೆ ಪ್ರತಿಕೂಲ, ಜಿಗಣೆ ನೀರಿನಲ್ಲಿ ಹುಟ್ಟಿ ಬೆಳೆದ ಶೀತಪ್ರಾಣಿಯಾದುದರಿಂದ ಪಿತ್ತಕ್ಕೆ, ಸೋರೆ ಕಟು, ರೂಕ್ಷ, ತೀಕ್ಷ್ಣವಾದುದರಿಂದ ಕಫಕ್ಕೆ. ಕೊಂಬನ್ನು ಬಾಯಿಂದ ಹೀರಬೇಕು. ಸೋರೆಯ ಬುರುಡೆಯೊಳಗೆ ದೀಪವನ್ನಿರಿಸಬೇಕು. ಹೀರಿಕೆ, ಬೆಂಕಿ ಎಂಬ ಎರಡು ವಿಧಾನಗಳೂ ಅಂದೇ ಬಳಕೆಯಲ್ಲಿದ್ದುವೆಂಬುದು ಇದರಿಂದ ವಿಶದವಾಗುತ್ತದೆ. ರಾಜರು, ಸಿರಿವಂತರು, ಮಕ್ಕಳು, ಮುದುಕರು, ಹೆಂಗಸರು, ಅಂಜುಬುರುಕರು ಮೊದಲಾದ ಸುಕುಮಾರರಿಗೆ ಜಿಗಣೆಯೇ ಹಿತವೆಂದು ಸುಶ್ರುತನು ಹೇಳುವುದನ್ನು ನೋಡಿದರೆ, ಕೊಂಬೂ ಸೋರೆಯೂ ಗಟ್ಟಿಮುಟ್ಟಾದವರ ಪಾಲಿಗೆ ಬಂದಿದ್ದಿರಬೇಕು.

ಸುಮಾರು 7ನೆಯ ಶತಮಾನದ ವಾಗ್ಭಟನು ಅಷ್ಟಾಂಗಹೃದಯದ ಯಂತ್ರವಿಧಿಯಲ್ಲಿ ಅಳತೆಗಳನ್ನೇ ಕೊಡುತ್ತಾನೆ. ಸೋರೆಯ ಉದ್ದ 12 ಅಂಗುಲ, ಸುತ್ತಳತೆ 18 ಅಂಗುಲ, ಬಾಯಿ ಮೂರು ನಾಲ್ಕು ಅಂಗುಲ. ಕೊಂಬಾದರೆ ಉದ್ದ 18 ಅಂಗುಲ, ಬುಡದ ಬಾಯಿ ಮೂರು ಅಂಗುಲ, ತುದಿಯಲ್ಲಿ ಸಾಸುವೆಯ ಗಾತ್ರದ ರಂಧ್ರ. ಶಾರ್ಙ್ಗಧರಸಂಹಿತೆಯಂತೂ ಕೊಂಬು ಹತ್ತು ಅಂಗುಲದಿಂದ, ಸೋರೆ ಹನ್ನೆರಡು ಅಂಗುಲದಿಂದ ರಕ್ತವನ್ನು ಸೆಳೆಯುತ್ತದೆಂದು ಲೆಕ್ಕ ಹೇಳುತ್ತದೆ. ಈ ಲೆಕ್ಕ ಇಂದು ನಿಲ್ಲುವಂಥದಲ್ಲ. ಆದರೆ ಈ ಉಪಚಾರ ಊಹೆಯ ಮಾತಾಗಿರದೆ, ಕೈಯಿಂದ ಮಾಡಿ ನೋಡಿದವರ ಕಸಬಾಗಿತ್ತೆಂಬುದಕ್ಕೆ ಈ ಅಂಗುಲಗಳೇ ಸಾಕ್ಷಿ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮೇಲೆ ಹೇಳಿದುದೆಲ್ಲ ರಕ್ತಮೋಕ್ಷಣದ ಪ್ರಕರಣಕ್ಕೆ ಸೇರಿದ್ದು, ಎಂದರೆ ಹಸಿ ವಿಧಾನ. ಗೊಟ್ಟಿಗೆರೆಯ ಭೌತಚಿಕಿತ್ಸಕನು ಮಾಡುವುದು ಒಣ ವಿಧಾನ. ಹಾಗಾದರೆ ಇದಕ್ಕೆ ನಮ್ಮಲ್ಲಿ ಪೂರ್ವರೂಪವೇ ಇಲ್ಲವೇ? ಇದೆ; ಆದರೆ ಅದನ್ನು ಹುಡುಕಬೇಕಾದುದು ಬೇರೆಡೆ. ವಾಗ್ಭಟನು ಸೋರೆಯಂತೆಯೇ ಘಟೀಯಂತ್ರವೊಂದನ್ನು, ಅಂದರೆ ಪುಟ್ಟ ಮಡಕೆಯನ್ನು ಹೇಳಿ, ಹೊಟ್ಟೆಯೊಳಗಿನ ಗುಲ್ಮವನ್ನು ಮೇಲಕ್ಕೆತ್ತಲೂ ಕರಗಿಸಲೂ ಅದನ್ನು ಬಳಸಬೇಕೆನ್ನುತ್ತಾನೆ. ಇದನ್ನು ಓದಿದಾಗ ನನಗೆ ನೆನಪಾದುದು ಗ್ರಂಥವಲ್ಲ, ನಮ್ಮ ಅಜ್ಜಿಯ ಅಡಿಗೆಮನೆ. ಭಾರ ಎತ್ತಿ ಹೊಟ್ಟೆ ಹಿಡಿದುಕೊಂಡಾಗ ‘ಬಟ್ಟಿ ಬಿದ್ದಿದೆ’ ಎನ್ನುವುದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ನೋವಾದವರನ್ನು ಅಂಗಾತ ಮಲಗಿಸಿ, ಹೊಕ್ಕುಳ ಮೇಲೆ ಸಣ್ಣ ದೀಪವನ್ನು ಹಚ್ಚಿಟ್ಟು, ಅದರ ಮೇಲೆ ಚೊಂಬನ್ನು ಕವುಚುತ್ತಿದ್ದರು. ದೀಪ ಆರುತ್ತಿದ್ದಂತೆ ಚೊಂಬು ಹೊಟ್ಟೆಯನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಂಚನ್ನು ಬೆರಳಿನಿಂದ ಒತ್ತಿ ಗಾಳಿ ಬಿಟ್ಟು ತೆಗೆಯುತ್ತಿದ್ದರು. ವಾಗ್ಭಟನ ಘಟಿಗೂ ಈ ಚೊಂಬಿಗೂ ನೇರವಾದ ಸಂತತಿಸಂಬಂಧ ಉಂಟೆಂದು ಸಾಧಿಸುವುದು ಕಷ್ಟ. ಆದರೂ ರಕ್ತ ಹರಿಸದೆ ಬರಿಯ ಸೆಳೆತದಿಂದ ನೋವನ್ನು ಶಮನಗೊಳಿಸುವ ಯೋಚನೆ ಎರಡರಲ್ಲಿಯೂ ಒಂದೇ. ಬಟ್ಟಿ ಎಂಬುದು ನಿಜವಾಗಿ ಬೀಳುತ್ತದೆಯೇ ಎಂಬ ಪ್ರಶ್ನೆಯನ್ನು ಶರೀರಶಾಸ್ತ್ರಜ್ಞರು ಒಪ್ಪಲಾರರು.

ಯವನ, ರೋಮನ್ ಜಗತ್ತಿನಲ್ಲಿಯೂ ಇದೇ ಚಿತ್ರವಿದೆ. ಹಿಪೊಕ್ರಟೀಸನ ಹೆಸರಿನ ಗ್ರಂಥಗಳಲ್ಲಿ ಬಟ್ಟಲಿನ ಪ್ರಸ್ತಾಪ ಬರುತ್ತದೆ. ಕ್ರಿ.ಶ. 1ನೆಯ ಶತಮಾನದ ಸೆಲ್ಸಸ್ ಎಂಬ ರೋಮನ್ ಲೇಖಕನು ಬಟ್ಟಲುಗಳಲ್ಲಿ ಕಂಚಿನದು, ಕೊಂಬಿನದು ಎಂದು ಎರಡು ಬಗೆಯನ್ನು ಹೇಳುತ್ತಾನೆ. ಕಂಚಿನದರಲ್ಲಿ ಉರಿಯುವ ನಾರನ್ನು ಹಾಕಬೇಕು, ಕೊಂಬಿನದನ್ನು ಬಾಯಿಂದ ಹೀರಿ ತುದಿಯ ರಂಧ್ರವನ್ನು ಮೇಣದಿಂದ ಮುಚ್ಚಬೇಕು. ಎರಡೂ ದೊರೆಯದಿದ್ದರೆ ಬಾಯಿ ಕಿರಿದಾದ ಯಾವ ಪುಟ್ಟ ಪಾತ್ರೆಯಾದರೂ ಆದೀತು. ಚರ್ಮವನ್ನು ಕೊಯ್ದಿದ್ದರೆ ಬಟ್ಟಲು ರಕ್ತವನ್ನು ಸೆಳೆಯುತ್ತದೆ, ಕೊಯ್ಯದಿದ್ದರೆ ವಾಯುವನ್ನು ಸೆಳೆಯುತ್ತದೆ ಎಂಬುದು ಅವನ ಮತ. ನಮ್ಮ ಅಜ್ಜಿಯರು ‘ವಾಯು ಹಿಡಿದುಕೊಂಡಿದೆ’ ಎನ್ನುತ್ತಿದ್ದುದನ್ನು ಬಲ್ಲ ಕನ್ನಡಿಗರಿಗೆ ಸೆಲ್ಸಸನು ಪರಕೀಯನೆನಿಸನು. ಚೀನದಲ್ಲಿ 4ನೆಯ ಶತಮಾನದ ಗೆ ಹೊಂಗನ ಗ್ರಂಥದಲ್ಲಿ ಕೊಂಬಿನ ಪ್ರಯೋಗವಿದೆ. ಇಷ್ಟು ದೂರದೂರದ ನಾಡುಗಳಲ್ಲಿ ಒಂದೇ ಸಾಧನ ಕಾಣಿಸಿಕೊಂಡಿರುವಾಗ ಯಾರು ಯಾರಿಂದ ಕಲಿತರೆಂಬ ಜಗಳದಲ್ಲಿ ಹೆಚ್ಚು ಸಾರವಿಲ್ಲ. ಕೊಂಬೂ ಬಾಯೂ ಇರುವಲ್ಲೆಲ್ಲ ಈ ಉಪಾಯ ಹೊಳೆಯಬಹುದಾದುದೇ.

ಅರಬರ ವಿಷಯ ಕನ್ನಡಕ್ಕೆ ಇನ್ನೂ ಸಮೀಪದ್ದು. ಬಟ್ಟಲಿಟ್ಟು ರಕ್ತ ತೆಗೆಯುವ ಕ್ರಿಯೆಗೆ ಅರಬ್ಬಿಯಲ್ಲಿ ‘ಹಿಜಾಮಾ’ ಎಂದು ಹೆಸರು, ಮಾಡುವವನು ‘ಹಜ್ಜಾಮ್’. ಇಸ್ಲಾಮಿನ ಸಂಪ್ರದಾಯದಲ್ಲಿ ಪ್ರವಾದಿಯವರು ಇದನ್ನು ಮೆಚ್ಚಿ ಹೇಳಿದರೆಂಬ ನಂಬಿಕೆಯಿರುವುದರಿಂದ ಇದಕ್ಕೆ ಧಾರ್ಮಿಕ ಗೌರವವೂ ಸೇರಿತು. ಇಬ್ನ್ ಸೀನಾ (980–1037), ಕಾರ್ಡೊಬಾದ ಅಲ್ ಜಹ್ರಾವಿ ಮೊದಲಾದವರು ಇದನ್ನು ಸವಿಸ್ತಾರವಾಗಿ ನಿರೂಪಿಸಿದರು. ಯುನಾನಿ ವೈದ್ಯರು ಕೊಯ್ದು ಮಾಡುವುದನ್ನೂ ಕೊಯ್ಯದೆ ಮಾಡುವುದನ್ನೂ ಬೇರೆ ಬೇರೆ ಹೆಸರಿನಿಂದ ವಿಂಗಡಿಸಿ, ಎರಡನ್ನೂ ‘ಇಲಾಜ್ ಬಿತ್ ತದ್ಬೀರ್’ ಎಂಬ ವಿಭಾಗಕ್ಕೆ ಸೇರಿಸುತ್ತಾರೆ. ದಖನ್ನಿನ ಸುಲ್ತಾನರ ಆಶ್ರಯದಲ್ಲಿ ಈ ವೈದ್ಯ ನಮ್ಮ ನಾಡಿನಲ್ಲಿ ಬೇರೂರಿತು. ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತನಾದ ಬಿಜಾಪುರದ ಫಿರಿಷ್ತಾನೇ ‘ದಸ್ತೂರುಲ್ ಅತಿಬ್ಬಾ’ ಎಂಬ ವೈದ್ಯಗ್ರಂಥವನ್ನು ಬರೆದನೆಂಬುದೂ, ಅದರಲ್ಲಿ ಭಾರತೀಯ ವೈದ್ಯವನ್ನು ಪಾರಸಿ ಬಲ್ಲವರಿಗೆ ತಿಳಿಯಪಡಿಸಲು ಯತ್ನಿಸಿದನೆಂಬುದೂ ಇಲ್ಲಿ ಸ್ಮರಣೀಯ. ಇಂದು ಬೆಂಗಳೂರಿನ ಕೊಟ್ಟಿಗೆಪಾಳ್ಯದಲ್ಲಿ, ಮಾಗಡಿ ರಸ್ತೆಯಲ್ಲಿ, ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಿದ್ದು ಈ ವಿಭಾಗದಲ್ಲಿ ಸ್ನಾತಕೋತ್ತರ ಅಧ್ಯಯನಕ್ಕೆ ಅವಕಾಶವಿದೆ.

ಆ ‘ಹಜ್ಜಾಮ್’ ಎಂಬ ಪದವೇ ಪಾರಸಿ, ಉರ್ದುಗಳ ಮೂಲಕ ಬಂದು ಕನ್ನಡದಲ್ಲಿ ‘ಹಜಾಮ’ ಎಂದಾಯಿತು. ಬಟ್ಟಲಿಟ್ಟು ರಕ್ತ ತೆಗೆಯುವವನಿಗೂ ಕ್ಷೌರ ಮಾಡುವವನಿಗೂ ಒಂದೇ ಹೆಸರು ಬಂದುದರಲ್ಲಿ ಆಶ್ಚರ್ಯವಿಲ್ಲ. ಹರಿತವಾದ ಕತ್ತಿ, ನಡುಗದ ಕೈ ಎರಡಕ್ಕೂ ಬೇಕು. ಇಂಗ್ಲೆಂಡಿನಲ್ಲಿಯೂ ಶಸ್ತ್ರವೈದ್ಯರೂ ಕ್ಷೌರಿಕರೂ 1540ರಿಂದ 1745ರವರೆಗೆ ಒಂದೇ ಸಂಘಕ್ಕೆ ಸೇರಿದ್ದರು. ಅಲ್ಲಿ ಬೇರ್ಪಟ್ಟ ಶಸ್ತ್ರವೈದ್ಯನು ಸಮಾಜದಲ್ಲಿ ಮೇಲೇರಿದನು. ಇಲ್ಲಿಯಾದರೋ ಹುಣ್ಣು ಕೊಯ್ದು, ಕೀವು ತೆಗೆದು ಊರಿನ ನೋವನ್ನು ಕಳೆಯುತ್ತಿದ್ದ ಮನೆತನಗಳ ಕೈಯಿಂದ ವೈದ್ಯ ಜಾರಿಹೋಯಿತು, ಹೆಸರು ಮಾತ್ರ ಉಳಿಯಿತು. ಉಳಿದ ಹೆಸರೂ ಬೈಗುಳವಾಯಿತು. ಸವಿತಾ ಸಮಾಜದವರು ಈ ಪದದ ಬಳಕೆಯನ್ನು ಆಕ್ಷೇಪಿಸುತ್ತ ಬಂದಿರುವುದು ನ್ಯಾಯವೇ ಆಗಿದೆ. ಆದರೆ ಬೈಗುಳವಾಗಿ ಬಳಸುವವರು ಅದರ ಮೂಲಾರ್ಥ ಚಿಕಿತ್ಸಕನೆಂಬುದನ್ನು ಅರಿಯರು. ‘ಪುರಾತನ ಚಿಕಿತ್ಸೆ’ ಎಂದು ಬರೆಯಿಸುವ ಫಲಕಗಳಲ್ಲಿ ಋಷಿಗಳ ಹೆಸರು ಬರುವುದುಂಟು, ಚೀನದ ಹೆಸರು ಬರುವುದುಂಟು. ಈ ಮನೆತನಗಳ ಹೆಸರನ್ನು ನಾನು ಒಂದರಲ್ಲಿಯೂ ಕಂಡಿಲ್ಲ.

ಯೂರೋಪಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 19ನೆಯ ಶತಮಾನದ ಆದಿಭಾಗದಲ್ಲಿ ಲಂಡನ್ನಿನಲ್ಲಿ ಇದನ್ನೇ ವೃತ್ತಿಯಾಗಿ ಉಳ್ಳವರಿದ್ದರು. 1823ರಲ್ಲಿ ಸ್ಯಾಮ್ಯುಯಲ್ ಬೇಫೀಲ್ಡ್ ಎಂಬಾತನು ಇದರ ಮೇಲೆ ಪ್ರತ್ಯೇಕ ಗ್ರಂಥವನ್ನೇ ಬರೆದನು. ರಕ್ತ ತೆಗೆಯುವುದರಲ್ಲಿ ವೈದ್ಯರಿಗಿದ್ದ ನಂಬಿಕೆ ಕುಸಿದಂತೆ ಬಟ್ಟಲೂ ಮೂಲೆಗೆ ಬಿದ್ದಿತು. ಜರ್ಮನಿಯ ಆಗಸ್ಟ್ ಬೀಯರ್ 1903ರಲ್ಲಿ, ನೋವಿದ್ದೆಡೆಗೆ ರಕ್ತವನ್ನು ಬರಮಾಡಿಕೊಳ್ಳುವುದೇ ಚಿಕಿತ್ಸೆಯೆಂದು ವಾದಿಸಿ ಹೀರುಬಟ್ಟಲಿಗೆ ಹೊಸ ಅರ್ಥವನ್ನು ಕೊಟ್ಟನು. ಹಳಬರು ರಕ್ತವನ್ನು ಹೊರಗೆ ಕಳುಹಿಸಲು ಬಳಸಿದ ಸಾಧನವನ್ನೇ ಬೀಯರ್ ರಕ್ತವನ್ನು ಒಳಗೇ ಕೂಡಿಸಲು ಬಳಸಿದುದು ಸ್ವಾರಸ್ಯಕರವಾಗಿದೆ. 1929ರಷ್ಟು ಈಚೆಗೂ ಪ್ಯಾರಿಸಿನ ಬಡವರ ಆಸ್ಪತ್ರೆಯೊಂದರಲ್ಲಿ ತನ್ನ ಬೆನ್ನಿಗೆ ಗಾಜಿನ ಬಟ್ಟಲುಗಳನ್ನಿಟ್ಟುದನ್ನು ಜಾರ್ಜ್ ಆರ್ವೆಲ್ ಬರೆದಿದ್ದಾನೆ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಈಜುಗಾರ ಮೈಕೇಲ್ ಫೆಲ್ಪ್ಸನ ಭುಜದ ಮೇಲೆ ಕಂಡ ಕಡುಗೆಂಪು ವೃತ್ತಗಳು ಇದನ್ನು ಜಗತ್ತಿನ ಕಣ್ಣಿಗೆ ಮತ್ತೆ ತಂದವು. ನಮ್ಮ ಬಡಾವಣೆಗಳ ಫಲಕಗಳಿಗೆ ಸುಶ್ರುತನಿಗಿಂತ ಈ ಫೆಲ್ಪ್ಸನೇ ಹತ್ತಿರದ ಪೂರ್ವಜನೆಂದು ನನ್ನ ಅಭಿಪ್ರಾಯ.

ಆ ವೃತ್ತಗಳ ಬಗೆಗೆ ಒಂದು ಮಾತು. ಸೆಳೆತಕ್ಕೆ ಚರ್ಮದ ಸೂಕ್ಷ್ಮ ರಕ್ತನಾಳಗಳು ಒಡೆದು ರಕ್ತ ಸುತ್ತಣ ಅಂಗಾಂಶಕ್ಕೆ ಒಸರುವುದರಿಂದ ಅವು ಉಂಟಾಗುತ್ತವೆ. ಪೆಟ್ಟು ಬಿದ್ದು ಕಂದುಗಟ್ಟಿದ ಕಲೆಗೂ ಇದಕ್ಕೂ ಭೇದವಿಲ್ಲ. ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಎರಡು ವಾರಗಳಲ್ಲಿ ಮಾಯವಾಗುತ್ತದೆ. ಕಲೆ ಎಷ್ಟು ಕಪ್ಪೋ ಅಷ್ಟು ‘ಕೆಟ್ಟ ರಕ್ತ’, ಅಷ್ಟು ‘ವಿಷ’ ಹೊರಬಂದಿತೆಂಬ ಮಾತಿಗೆ ಆಧಾರವಿಲ್ಲ. ಒಣ ವಿಧಾನದಲ್ಲಿ ಏನೊಂದೂ ಹೊರಬರುವುದೇ ಇಲ್ಲ.

ಈಗ ವಿದ್ಯಾರ್ಥಿಯ ಎರಡನೆಯ ಪ್ರಶ್ನೆ. ಮೂರು ತಿಂಗಳಿಗೂ ಮೀರಿ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲದ ನೋವೆಂದು ಕರೆಯುತ್ತಾರೆ. ಇದರಲ್ಲಿ ಪೆಟ್ಟಾದ ಅಂಗ ಮಾಗಿದ ಮೇಲೂ ನೋವು ಉಳಿಯಬಹುದು. ನರಮಂಡಲವೇ ನೋವಿಗೆ ಪಳಗಿಬಿಟ್ಟಿರಬಹುದು. ಬಟ್ಟಲು ಇಲ್ಲಿ ಹೇಗೆ ನೆರವಾಗುತ್ತದೆಂಬುದಕ್ಕೆ ಹಲವು ಊಹೆಗಳುಂಟು. ಅಂಗಮರ್ದನ ಸ್ನಾಯುವನ್ನು ಒತ್ತಿದರೆ ಬಟ್ಟಲು ಅದನ್ನು ಎತ್ತುತ್ತದೆ. ಚರ್ಮಕ್ಕೂ ಸ್ನಾಯುವಿಗೂ ನಡುವಣ ಪದರ ಸಡಿಲವಾದಂತೆ ಅನಿಸುತ್ತದೆ. ಆ ಭಾಗದಲ್ಲಿ ರಕ್ತಸಂಚಾರ ಸ್ವಲ್ಪ ಕಾಲ ಹೆಚ್ಚುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಪ್ರತಿಪಾದಿಸಿದ ‘ದ್ವಾರ’ ಸಿದ್ಧಾಂತದ ಪ್ರಕಾರ ಸ್ಪರ್ಶ, ಸೆಳೆತಗಳ ಸಂವೇದನೆ ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಅಡ್ಡಿಯಾಗಬಲ್ಲುದು. ಪೆಟ್ಟಾದಾಗ ನಾವು ಆ ಜಾಗವನ್ನು ತಾನಾಗಿ ಉಜ್ಜಿಕೊಳ್ಳುವುದಕ್ಕೂ ಇದೇ ಕಾರಣವೆನ್ನುತ್ತಾರೆ.

ಪ್ರಯೋಗಗಳು ಏನು ಹೇಳುತ್ತವೆ? 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 135 ಪ್ರಯೋಗಗಳನ್ನು ಕಲೆಹಾಕಿ ಕೆಲವು ಬೇನೆಗಳಲ್ಲಿ ಪ್ರಯೋಜನ ಕಾಣುತ್ತದೆಂದಿತು. ಆದರೆ ಅವುಗಳಲ್ಲಿ ಹೆಚ್ಚಿನವು ಪಕ್ಷಪಾತಕ್ಕೆ ಎಡೆಗೊಟ್ಟ ಪ್ರಯೋಗಗಳೆಂದೂ ಅದೇ ಹೇಳಿತು. ಬಟ್ಟಲಿನ ಪ್ರಯೋಗದಲ್ಲಿ ತೊಡಕೇನೆಂದರೆ, ಗುಳಿಗೆಯಂತೆ ಹುಸಿ ಗುಳಿಗೆಯನ್ನು ಕೊಟ್ಟು ಹೋಲಿಸುವುದು ಸುಲಭವಲ್ಲ. ಸಂಶೋಧಕರು ಒಂದು ಉಪಾಯ ಕಂಡುಹಿಡಿದರು: ಬಟ್ಟಲಿಗೆ ಸಣ್ಣ ರಂಧ್ರ ಮಾಡಿದರೆ ಅದು ಕ್ಷಣಕಾಲ ಎಳೆದಂತೆ ಮಾಡಿ ಸಡಿಲವಾಗುತ್ತದೆ, ರೋಗಿಗೆ ಬಟ್ಟಲಿಟ್ಟ ಭಾವನೆ ಮಾತ್ರ ಉಳಿಯುತ್ತದೆ. ಜರ್ಮನಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯ ಎಂಬ ಬೇನೆಯ 141 ಮಂದಿಯನ್ನು ಪರೀಕ್ಷಿಸಿದರು. ಬಟ್ಟಲಿಟ್ಟವರಿಗೆ ಎಂದಿನ ಚಿಕಿತ್ಸೆಯವರಿಗಿಂತ ಹೆಚ್ಚು ಸಮಾಧಾನವಾಯಿತು. ಆದರೆ ಹುಸಿಬಟ್ಟಲಿಗಿಂತ ನಿಜಬಟ್ಟಲು ಮೇಲೆನಿಸಲಿಲ್ಲ. 2021ರಲ್ಲಿ ಬ್ರೆಜಿಲಿನಿಂದ ಬಂದ ವರದಿ ನಮಗೆ ಇನ್ನೂ ಪ್ರಸ್ತುತ: ದೀರ್ಘಕಾಲದ ಸೊಂಟನೋವಿನ 90 ಮಂದಿಯಲ್ಲಿ ಒಂದು ಗುಂಪಿಗೆ ವಾರಕ್ಕೊಮ್ಮೆಯಂತೆ ಎಂಟು ವಾರ ಒಣ ಬಟ್ಟಲಿಟ್ಟರು, ಫಲಿತಾಂಶ ಹುಸಿಬಟ್ಟಲಿನದಕ್ಕಿಂತ ಉತ್ತಮವಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಸೊಂಟನೋವಿನ ಮಾರ್ಗಸೂಚಿ ತಿಳಿವಳಿಕೆ, ವ್ಯಾಯಾಮ, ಅಂಗಮರ್ದನ, ಮನಶ್ಚಿಕಿತ್ಸೆ ಮೊದಲಾದವುಗಳಿಗೆ ಒತ್ತು ಕೊಟ್ಟು, ಸೊಂಟಪಟ್ಟಿ, ಎಳೆತದ ಚಿಕಿತ್ಸೆಗಳು ವಾಡಿಕೆಯಾಗಿ ಬೇಡವೆಂದಿದೆ.

ಹಾಗೆಂದು ಬಟ್ಟಲನ್ನು ಬಿಸಾಡಬೇಕೆಂದು ಅರ್ಥವಲ್ಲ. ಇಲ್ಲಿ ಸ್ವಂತದ ಸಂಗತಿಯೊಂದನ್ನು ಹೇಳಲು ವಾಚಕರ ಅನುಮತಿಯನ್ನು ಬೇಡುತ್ತೇನೆ. ನನ್ನ ತಾಯಿಯವರಿಗೆ ಹಲವು ವರ್ಷಗಳಿಂದ ಸೊಂಟನೋವು. ಮನೆಗೆ ಸಮೀಪದ ಒಂದು ಚಿಕಿತ್ಸಾಲಯದಲ್ಲಿ ಹತ್ತು ಬಾರಿ ಬಟ್ಟಲಿಡಿಸಿದೆವು. ಪ್ರತಿ ಬಾರಿಯೂ ಎರಡು ದಿನ ಹಗುರ. ಮೂರನೆಯ ದಿನ ನೋವು ಮರಳುತ್ತಿತ್ತು. ಕಪ್ಪುಕಲೆಗಳನ್ನು ತೋರಿಸಿ ‘ನೋಡಿ, ಎಷ್ಟು ವಿಷವಿತ್ತು’ ಎಂದು ಅಲ್ಲಿಯವರು ಹೇಳಿದುದನ್ನು ನಂಬಿ, ಮೊದಲು ಯಾರೋ ಕಲಿಸಿದ್ದ ವ್ಯಾಯಾಮಗಳನ್ನು ಅಮ್ಮ ಪೂರ್ತಿ ಬಿಟ್ಟುಬಿಟ್ಟರು. ವಿಷವೇ ಹೋದಮೇಲೆ ಕಾಲೆತ್ತಿ ಇಳಿಸುವ ಗೊಡವೆ ಏಕೆ? ನಾಲ್ಕೈದು ತಿಂಗಳಲ್ಲಿ ಅವರು ಮೆಟ್ಟಿಲು ಹತ್ತಲಾರದವರಾದರು. ಇದರಲ್ಲಿ ನನ್ನ ತಪ್ಪೂ ಇದೆ: ಪುರಾತನವೆಂಬ ಮಾತಿಗೆ ಇತಿಹಾಸ ಕಲಿಸುವ ನಾನೇ ತಲೆದೂಗಿದ್ದೆ. ಆಮೇಲೆ ನೋಡಿದ ಭೌತಚಿಕಿತ್ಸಕಿಯೊಬ್ಬರು ಬಟ್ಟಲನ್ನು ನಿಷೇಧಿಸಲಿಲ್ಲ. ಐದು ನಿಮಿಷ ಬಟ್ಟಲನ್ನು ಜಾರಿಸಿ, ಸೊಂಟ ಸಡಿಲವಾಗಿರುವ ಆ ಹೊತ್ತಿನಲ್ಲಿಯೇ ಅಮ್ಮನನ್ನು ಎಬ್ಬಿಸಿ, ಬಗ್ಗಿಸಿ, ನಡೆಸಿದರು. ‘ಇದು ಬಾಗಿಲು ತೆಗೆಯುವುದಕ್ಕೆ ಅಷ್ಟೆ, ಅಮ್ಮಾ, ಒಳಗೆ ನೀವೇ ನಡೆಯಬೇಕು’ ಎಂಬುದು ಅವರ ಮಾತು. ಭೌತಚಿಕಿತ್ಸೆಯ ಅಂಗವಾಗಿ ಬಟ್ಟಲಿಗೆ ಸಲ್ಲತಕ್ಕ ಸ್ಥಾನ ಇಷ್ಟೇ ಎಂದು ನನಗೆ ತೋರುತ್ತದೆ. ನೋವಿನ ಅಂಜಿಕೆಯಿಂದ ಅಲುಗದೆ ಕುಳಿತವರಿಗೆ ಅಲ್ಪಕಾಲದ ಸಮಾಧಾನ ಹುಸಿಬಟ್ಟಲಿನಷ್ಟೇ ಆಗಿದ್ದರೂ, ಆ ಕಾಲವನ್ನು ಚಲನೆಗೆ ಬಳಸಿಕೊಂಡರೆ ಪ್ರಯೋಜನವುಂಟು.

ಅಪಾಯಗಳನ್ನೂ ಹೇಳದೆ ಬಿಡಲಾಗದು. ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುವವರು, ರಕ್ತಸ್ರಾವದ ಬೇನೆಯುಳ್ಳವರು, ಕಾಲಿನ ಆಳದ ರಕ್ತನಾಳಗಳಲ್ಲಿ ಹೆಪ್ಪು ಇರುವವರು ಇದರ ಗೊಡವೆಗೆ ಹೋಗಬಾರದು. ಗಾಯ, ಚರ್ಮರೋಗ ಇರುವೆಡೆಯಲ್ಲಿಯೂ, ಗರ್ಭಿಣಿಯರ ಹೊಟ್ಟೆ ಸೊಂಟಗಳ ಮೇಲೂ ಬಟ್ಟಲಿಡಬಾರದು. ಸಕ್ಕರೆಕಾಯಿಲೆಯಿಂದ ಸ್ಪರ್ಶಜ್ಞಾನ ಕುಗ್ಗಿದವರಿಗೆ ಬೆಂಕಿಯ ಬಟ್ಟಲಿನಿಂದ ಸುಟ್ಟರೂ ತಿಳಿಯದು. ಹಸಿ ವಿಧಾನದಲ್ಲಿ ಅಲಗನ್ನೋ ಬಟ್ಟಲನ್ನೋ ಒಬ್ಬರಿಂದೊಬ್ಬರಿಗೆ ಬಳಸಿದರೆ ಕಾಮಾಲೆಯ ಬಿ ಮತ್ತು ಸಿ ವೈರಸ್, ಎಚ್‌ಐವಿ ಮೊದಲಾದವು ಹರಡಬಹುದು. ರಕ್ತ ತೆಗೆಯುವುದು ಭೌತಚಿಕಿತ್ಸಕರ ಶಿಕ್ಷಣಕ್ಕೆ ಸೇರಿದುದಲ್ಲವಾದುದರಿಂದ, ಅಂತಹ ಕಡೆ ಕೊಯ್ಯಲು ಬಂದರೆ ಎದ್ದುಬರುವುದೇ ಕ್ಷೇಮ. ಚಿಕಿತ್ಸಕರ ವಿದ್ಯಾರ್ಹತೆಯನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಭೌತಚಿಕಿತ್ಸೆಯೂ ಸೇರಿದಂತೆ ಇಂತಹ ವೃತ್ತಿಗಳ ನೋಂದಣಿಗೆಂದೇ 2021ರಲ್ಲಿ ಸಂಸತ್ತು ಪ್ರತ್ಯೇಕ ಅಧಿನಿಯಮವನ್ನು ಮಾಡಿದೆ.

ಅಮ್ಮನವರು ಈಗ ಬೆಳಗ್ಗೆ ಅರ್ಧ ಗಂಟೆ ನಡೆಯುತ್ತಾರೆ, ಮೆಟ್ಟಿಲನ್ನು ನಿಧಾನವಾಗಿ ಹತ್ತುತ್ತಾರೆ. ಬಟ್ಟಲು ತಿಂಗಳಿಗೊಮ್ಮೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ವಿಷದ ಮಾತನ್ನು ಅವರು ಬಿಟ್ಟಿದ್ದಾರೆ. ಆದರೂ ಬೆನ್ನಿನ ಮೇಲೆ ಕಲೆ ಮೂಡದೆ ಹೋದ ದಿನ, ‘ಈ ಸಲ ಯಾಕೋ ಸರಿಯಾಗಿ ಹಿಡಿಯಲೇ ಇಲ್ಲ ಕಣೋ’ ಎನ್ನುವುದನ್ನು ಬಿಟ್ಟಿಲ್ಲ.